ಕಣ್ಣೂ ನಗ್ತಿದೆಯಾ?

ಜೋಗದ ಮುಂದೆ ಸೆಲ್ಫಿಗೆ ನಿಂತಿದ್ದೀರಿ. ತುಟಿ ನಗ್ತಿದೆ. ಕಣ್ಣು?

ತುಟಿ ಹಿಗ್ಗಿಸೋದು ನಮ್ಮ ಕೈಲಿದೆ. ಕಣ್ಣಿನ ಸುತ್ತಲಿನ ಸ್ನಾಯು ಅಷ್ಟು ಸುಲಭವಾಗಿ ಮಾತು ಕೇಳಲ್ಲ, ಅದಕ್ಕೆ ಹೆಚ್ಚಾಗಿ ಒಳಗಿನ ಖುಷಿಯೇ ಬೇಕು. ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲಿ ಇದನ್ನೇ ಬರೆದ.

ನಮ್ಮ ನಾಟ್ಯಶಾಸ್ತ್ರ ಅದಕ್ಕೂ ಎಷ್ಟೋ ಶತಮಾನ ಮೊದಲೇ ನಗುವಲ್ಲಿ ಆರು ಬಗೆ ಗುರುತಿಸಿತ್ತು. ಮೊದಲನೆಯದು ಸ್ಮಿತ: ಕೆನ್ನೆ ತುಸು ಅರಳಬೇಕು, ಹಲ್ಲು ಕಾಣಬಾರದು. ಆಮೇಲೆ ಹಸಿತ: ಮುಖದ ಜೊತೆ ಕಣ್ಣೂ ಅರಳಬೇಕು. ಇಲ್ಲೇ ಸಾಗರದ ಪಕ್ಕ ಹೆಗ್ಗೋಡಿನಲ್ಲಿ, 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ ಇದೆ. ಅಲ್ಲಿ ನಾಟಕ ನೋಡಿದಾಗಲೆಲ್ಲ ನನಗನ್ನಿಸೋದು, ನಟನಿಗೆ ಅಳೋದಕ್ಕಿಂತ ನಗೋದೇ ಕಷ್ಟ.

ಆದರೆ ಹೊಸನಗರ, ತೀರ್ಥಹಳ್ಳಿ ಕಡೆ ಯಾವುದಾದರೂ ಮನೆಯ ಜಗಲಿ ಹತ್ತಿ. ಅಡಿಕೆ ಸುಲಿಯುತ್ತ ಕೂತ ಅಜ್ಜಿ ತಲೆಯೆತ್ತುತ್ತಾರೆ. ಕೈ ನಿಲ್ಲುವ ಮೊದಲೇ ಕಣ್ಣಂಚಲ್ಲಿ ಸುಕ್ಕು ಮೂಡುತ್ತದೆ. "ಬನ್ನಿ, ಬಾಯಾರಿಕೆಗೆ ಎಂತ ಕೊಡ್ಲಿ?" ಅನ್ನೋದು ಆಮೇಲೆ. ಅಷ್ಟರಲ್ಲೇ ದಾರಿಯ ದಣಿವು ಅರ್ಧ ಇಳಿದಿರುತ್ತದೆ.

ಜೋಗ ನೋಡಿ ವಾಪಸ್ ಹೊರಡುವಾಗ, ಚಹಾ ಕೊಟ್ಟವರ ಕಣ್ಣು ನೋಡಿ ಒಮ್ಮೆ ನಕ್ಕು ಹೋಗಿ.