36ರ ಆಟಗಾರನಿಗೆ ಐದೂವರೆ ಕೋಟಿ ಕೊಡಬಹುದಾ?

ಕಾರವಾರದ ಮಾಲಾದೇವಿ ಮೈದಾನವಿರಲಿ, ಅಂಕೋಲೆಯ ಯಾವುದೇ ಬಯಲಿರಲಿ, ತಂಡ ಕಟ್ಟುವಾಗ ಈ ಚರ್ಚೆ ತಪ್ಪಿದ್ದಲ್ಲ: ವಯಸ್ಸಾದ ಹಿರಿಯನನ್ನು ಸೇರಿಸಿಕೊಳ್ಳಬೇಕಾ, ಹುಡುಗನಿಗೆ ಜಾಗ ಕೊಡಬೇಕಾ?

2022ರ ಐಪಿಎಲ್ ಹರಾಜಿನಲ್ಲಿ ಆರ್‌ಸಿಬಿ ಮುಂದೆಯೂ ಇದೇ ಪ್ರಶ್ನೆ. ದಿನೇಶ್ ಕಾರ್ತಿಕ್‌ಗೆ ಆಗ 36. ಬೆಲೆ 5.5 ಕೋಟಿ ರೂಪಾಯಿ. ತಂಡ ಅವರಿಂದ ಇಡೀ ಇನಿಂಗ್ಸ್ ಬಯಸಲಿಲ್ಲ, ಕೊನೆಯ ಓವರ್‌ಗಳನ್ನಷ್ಟೇ ಒಪ್ಪಿಸಿತು. ಬಂದದ್ದು 330 ರನ್, ಸ್ಟ್ರೈಕ್‌ರೇಟ್ 183. ಭಾರತ ತಂಡದ ಬಾಗಿಲೂ ಮತ್ತೆ ತೆರೆಯಿತು.

ಮರುವರ್ಷ? 13 ಪಂದ್ಯ, ಬರೀ 140 ರನ್. ವಯಸ್ಸಿನ ಅಪಾಯ ಇರುವುದೇ ಇಲ್ಲಿ.

ಆದರೂ ಆರ್‌ಸಿಬಿ ಕೈಬಿಡಲಿಲ್ಲ. 2024ರ ಏಪ್ರಿಲ್ 15, ಚಿನ್ನಸ್ವಾಮಿ ಕ್ರೀಡಾಂಗಣ. ಹೈದರಾಬಾದ್ 287 ರನ್ ಪೇರಿಸಿತ್ತು. 38ರ ಕಾರ್ತಿಕ್ 35 ಎಸೆತಗಳಲ್ಲಿ 83 ಚಚ್ಚಿದರು, ಅದರಲ್ಲಿ ಏಳು ಸಿಕ್ಸರ್! ತಂಡ 25 ರನ್‌ಗಳಿಂದ ಸೋತರೂ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬ್ಯಾಸ್ಕೆಟ್‌ಬಾಲ್‌ನಲ್ಲೂ ಹೀಗೇ. 43ರ ರಾಬರ್ಟ್ ಪ್ಯಾರಿಷ್‌ರನ್ನು ಷಿಕಾಗೊ ಬುಲ್ಸ್ ಬೆಂಚಿನ ಆಸರೆಯಾಗಿ ಸೇರಿಸಿಕೊಂಡಿತು, 1997ರಲ್ಲಿ ಪ್ರಶಸ್ತಿಯನ್ನೂ ಗೆದ್ದಿತು.

ಹಾಗಾಗಿ ಹಿರಿಯನನ್ನು ಕರೆಯಿರಿ, ಆದರೆ ಹೆಸರು ನೋಡಿ ಅಲ್ಲ, ಕೆಲಸ ನೋಡಿ. ಜೊತೆಗೊಬ್ಬ ಹುಡುಗನನ್ನೂ ತಯಾರು ಮಾಡಿ. ನಿವೃತ್ತರಾದ ಕಾರ್ತಿಕ್ ಆರ್‌ಸಿಬಿಗೇ ಬ್ಯಾಟಿಂಗ್ ಕೋಚ್ ಆದರು. 2025ರಲ್ಲಿ ಅವರ ಜಾಗದಲ್ಲಿ ಆಡಿದ ಜಿತೇಶ್ ಶರ್ಮಾ ಲಖನೌ ವಿರುದ್ಧ 33 ಎಸೆತಗಳಲ್ಲಿ ಅಜೇಯ 85 ಹೊಡೆದರು, ಜೂನ್ 3ರಂದು ಕಪ್ ಬೆಂಗಳೂರಿನ ಪಾಲಾಯಿತು.