ತುತ್ತು ಇಳಿಯದಾಗ: ಅನ್ನನಾಳದ ಅಪರೂಪದ ಸೋಂಕುಗಳು

ಬಾಯಿಗಿಟ್ಟ ತುತ್ತು ಜಠರವನ್ನು ಸೇರುವ ದಾರಿಯೇ ಅನ್ನನಾಳ. ವಯಸ್ಕರಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದವಿರುವ ಈ ಸ್ನಾಯುನಾಳವು ಶ್ವಾಸನಾಳದ ಹಿಂಬದಿಯಲ್ಲಿ ಇಳಿದು, ವಪೆಯನ್ನು ದಾಟಿ ಜಠರವನ್ನು ಕೂಡುತ್ತದೆ. ನಾವು ನುಂಗುವ ಪ್ರತಿಯೊಂದು ಗುಟುಕಿನೊಡನೆಯೂ ಅಸಂಖ್ಯ ಬ್ಯಾಕ್ಟೀರಿಯಗಳು ಇದರ ಮೂಲಕ ಹಾದುಹೋಗುತ್ತವೆ. ಆದರೂ ಅವು ಇಲ್ಲಿ ಬೇರೂರುವುದು ಬಹಳ ಅಪರೂಪ. ಇದಕ್ಕೆ ಮೂರು ಕಾರಣಗಳುಂಟು. ನಾಳದ ಒಳಪದರವು ಹಲವು ಸುತ್ತಿನ ಜೀವಕೋಶಗಳಿಂದ ದಪ್ಪವಾಗಿ ನೇಯಲ್ಪಟ್ಟಿದೆ. ಜೊಲ್ಲು ಅದನ್ನು ಸದಾ ತೊಳೆಯುತ್ತಿರುತ್ತದೆ. ಸ್ನಾಯುಗಳ ಅಲೆಯಂತಹ ಚಲನೆಯು ಯಾವುದನ್ನೂ ಅಲ್ಲಿ ಬಹುಕಾಲ ನಿಲ್ಲಗೊಡುವುದಿಲ್ಲ.

ಈ ಕಾವಲು ಸಡಿಲವಾದಾಗ ಸೋಂಕಿಗೆ ಎಡೆಯಾಗುತ್ತದೆ. ಅನ್ನನಾಳದ ಸೋಂಕುಗಳಲ್ಲಿ ಹೆಚ್ಚಾಗಿ ಕಾಣುವುದು ಕ್ಯಾಂಡಿಡಾ ಎಂಬ ಶಿಲೀಂಧ್ರದಿಂದ ಬರುವುದು. ಬಳಿಕ ಹರ್ಪಿಸ್ ಮೊದಲಾದ ವೈರಸ್‌ಗಳಿಂದ ಬರುವವು. ಬ್ಯಾಕ್ಟೀರಿಯಗಳಿಂದ ಬರುವುದು ಇವೆರಡಕ್ಕಿಂತಲೂ ವಿರಳ. ಕ್ಯಾನ್ಸರ್‌ಗೆ ಔಷಧಿ ಪಡೆಯುತ್ತಿರುವವರಲ್ಲಿ ರಕ್ತದ ಬಿಳಿಕಣಗಳು ತೀರ ಇಳಿದಾಗ, ಬಾಯಿ ಗಂಟಲುಗಳಲ್ಲಿ ನಿರುಪದ್ರವಿಯಾಗಿ ವಾಸಿಸುವ ಸ್ಟ್ರೆಪ್ಟೊಕಾಕಸ್‌ನಂತಹ ಜೀವಿಗಳೇ ಅನ್ನನಾಳದ ಗೋಡೆಯನ್ನು ಹೊಗಬಲ್ಲವು. ಎಚ್.ಐ.ವಿ. ಪೀಡಿತರಲ್ಲಿಯೂ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರಲ್ಲಿಯೂ ದೇಹದ ರೋಗನಿರೋಧಕ ಶಕ್ತಿ ಕುಂದಿರುವುದರಿಂದ ಎಚ್ಚರಿಕೆ ಅಗತ್ಯ.

ನಮ್ಮ ದೇಶದವರು ಮುಖ್ಯವಾಗಿ ನೆನಪಿನಲ್ಲಿಡಬೇಕಾದದ್ದು ಅನ್ನನಾಳದ ಕ್ಷಯ. ಕ್ಷಯರೋಗದ ಬ್ಯಾಕ್ಟೀರಿಯವನ್ನು ರಾಬರ್ಟ್ ಕಾಖ್ 1882ರಲ್ಲಿ ಲೋಕಕ್ಕೆ ತಿಳಿಸಿದನು. ಈ ರೋಗವು ಸಾಮಾನ್ಯವಾಗಿ ಶ್ವಾಸಕೋಶವನ್ನು ಹಿಡಿಯುತ್ತದೆ. ಜೀರ್ಣಾಂಗಗಳಲ್ಲಿ ಸಣ್ಣ ಕರುಳಿನ ಕೊನೆಯ ಭಾಗವನ್ನು ಹಿಡಿಯುವುದೇ ಹೆಚ್ಚು. ಅನ್ನನಾಳಕ್ಕೆ ಅದು ಬರುವುದು ಬಹುಮಟ್ಟಿಗೆ ನೆರೆಮನೆಯಿಂದ. ಶ್ವಾಸನಾಳವು ಎರಡಾಗಿ ಕವಲೊಡೆಯುವೆಡೆಯಲ್ಲಿ ದುಗ್ಧಗ್ರಂಥಿಗಳ ಗೊಂಚಲೊಂದಿದೆ. ಅಲ್ಲಿ ಕ್ಷಯ ತಗುಲಿದರೆ ಗ್ರಂಥಿಗಳು ಊದಿ ಪಕ್ಕದ ಅನ್ನನಾಳವನ್ನು ಒತ್ತುತ್ತವೆ. ಕೆಲವೊಮ್ಮೆ ಕರಗಿ ಒಡೆದು ಅದರೊಳಗೆ ಹುಣ್ಣು ಮಾಡುತ್ತವೆ. ಹುಣ್ಣು ಆಳವಾದರೆ ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ರಂಧ್ರ ಉಂಟಾಗಬಹುದು. ಆಗ ನೀರು ಕುಡಿದೊಡನೆಯೇ ಕೆಮ್ಮು ಒತ್ತರಿಸಿ ಬರುತ್ತದೆ.

ಇದು ಕೇವಲ ಗ್ರಂಥಗಳಲ್ಲಿ ಮಾತ್ರ ಉಳಿದ ಸಂಗತಿಯಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು, ಅನ್ನನಾಳದ ಕ್ಷಯದಿಂದ ರಂಧ್ರವುಂಟಾಗಿದ್ದ ಹತ್ತು ರೋಗಿಗಳ ವೃತ್ತಾಂತವನ್ನು 2003ರಲ್ಲಿ ಎಂಡೋಸ್ಕೊಪಿಗೆ ಮೀಸಲಾದ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

ಈ ಮಾತು ನಾಂಪಲ್ಲಿಯ ಸುತ್ತಮುತ್ತ ನೆಲೆಸಿರುವ ನಮಗೆ ಏಕೆ ಮುಖ್ಯ? ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದು ರಾಜ್ಯದಲ್ಲಿಯೇ ಇದ್ದವು. ಗಡಿಗಳು ಬದಲಾದರೂ ಅಲ್ಲಿಯ ಜನರು ದೊಡ್ಡ ಕಾಯಿಲೆಗೆ ಈ ನಗರವನ್ನು ನಂಬಿ ಬರುವ ರೂಢಿ ಬದಲಾಗಲಿಲ್ಲ. ಊರಿನಿಂದ ಬಂದ ಚಿಕ್ಕಪ್ಪನನ್ನೋ ಸೋದರಮಾವನನ್ನೋ ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ಇಲ್ಲಿರುವ ನಮ್ಮದೇ. ನಾಂಪಲ್ಲಿಗೆ ಸಮೀಪದ ರೆಡ್ ಹಿಲ್ಸ್‌ನಲ್ಲಿ ಮೆಹದಿ ನವಾಜ್ ಜಂಗ್ ಕ್ಯಾನ್ಸರ್ ಆಸ್ಪತ್ರೆಯಿದೆ. ಹಿರಿಯರೊಬ್ಬರಿಗೆ ತುತ್ತು ಇಳಿಯುತ್ತಿಲ್ಲ, ಮೈ ಸೊರಗುತ್ತಿದೆ ಎಂದೊಡನೆ ಮನೆಮಂದಿಗೆಲ್ಲ ಕ್ಯಾನ್ಸರಿನ ಭಯ ಹಿಡಿಯುತ್ತದೆ. ಆ ಭಯ ನಿರಾಧಾರವಲ್ಲ. ತಂಬಾಕು ಮತ್ತು ಮದ್ಯದ ಚಟವುಳ್ಳವರಲ್ಲಿ ಅನ್ನನಾಳದ ಕ್ಯಾನ್ಸರ್ ಅಪರೂಪವೇನೂ ಅಲ್ಲ. ಆದರೆ ಕ್ಷಯದ ಹುಣ್ಣೂ ಅದೇ ಲಕ್ಷಣಗಳನ್ನು ತೋರುತ್ತದೆ, ಕಣ್ಣಿಗೆ ಅದರಂತೆಯೇ ಕಾಣಿಸುತ್ತದೆ. ಒಂದಕ್ಕೆ ಶಸ್ತ್ರಚಿಕಿತ್ಸೆ, ವಿಕಿರಣಗಳು ಬೇಕಾದರೆ, ಇನ್ನೊಂದು ಬಹುಪಾಲು ಮಾತ್ರೆಗಳಿಂದಲೇ ವಾಸಿಯಾಗುತ್ತದೆ. ಆದ್ದರಿಂದ ಪರೀಕ್ಷೆ ಮುಗಿಯುವ ಮೊದಲೇ ಆಸೆ ಬಿಟ್ಟು ರೋಗಿಯನ್ನು ಊರಿಗೆ ಕರೆದೊಯ್ಯುವುದು ಘೋರ ಅನ್ಯಾಯ.

ಪರೀಕ್ಷೆಯ ಕ್ರಮ ಹೀಗಿದೆ. ಎಂಡೋಸ್ಕೊಪಿಯಲ್ಲಿ ತೆಳುವಾದ ಕೊಳವೆಯನ್ನು ಬಾಯಿಯ ಮೂಲಕ ಇಳಿಸಿ ನಾಳವನ್ನು ಕಣ್ಣಾರೆ ನೋಡುತ್ತಾರೆ. ಹುಣ್ಣಿನಿಂದ ಚೂರು ಅಂಗಾಂಶವನ್ನು ತೆಗೆಯುತ್ತಾರೆ. ಇದಕ್ಕೆ ಬಯಾಪ್ಸಿ ಎನ್ನುವರು. ಆ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದಲ್ಲದೆ, ಕ್ಷಯದ ಜೀವಿಯ ವಂಶವಸ್ತುವನ್ನು ಪತ್ತೆಮಾಡುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೂ ಒಳಪಡಿಸಬಹುದು. ಮೊದಲ ಚೂರಿನಲ್ಲಿ ಏನೂ ಸಿಗದಿದ್ದರೆ ಎರಡನೆಯ ಸಲ ತೆಗೆಯಬೇಕಾಗಬಹುದು. ರೋಗಿಗಳು ಅದಕ್ಕೆ ಬೇಸರಪಡಬಾರದು. ಎದೆಯ ಸಿ.ಟಿ. ಚಿತ್ರವು ಊದಿದ ಗ್ರಂಥಿಗಳನ್ನು ತೋರಿಸುತ್ತದೆ. ಶ್ವಾಸಕೋಶದಲ್ಲಿಯೂ ಕ್ಷಯವಿದೆಯೇ ಎಂದು ನೋಡುವುದು ಅವಶ್ಯ; ಮನೆಯವರಿಗೆ ಸೋಂಕು ಹರಡುವುದು ಮುಖ್ಯವಾಗಿ ಅಲ್ಲಿಂದ.

ಕ್ಷಯವೆಂದು ಸಿದ್ಧವಾದರೆ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಇಥಾಂಬ್ಯುಟಾಲ್ ಎಂಬ ಔಷಧಿಗಳನ್ನು ಸಾಮಾನ್ಯವಾಗಿ ಆರು ತಿಂಗಳ ಅವಧಿಯಲ್ಲಿ ವೈದ್ಯರು ಹೇಳಿದ ಕ್ರಮದಂತೆ ಕೊಡುತ್ತಾರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅಂಜಬೇಕಿಲ್ಲ. ಅದು ರಿಫಾಂಪಿಸಿನ್‌ನ ಗುಣ. ಕಣ್ಣು ಹಳದಿಯಾದರೆ, ದೃಷ್ಟಿ ಮಂದವಾದರೆ ಮಾತ್ರ ಒಡನೆಯೇ ವೈದ್ಯರಿಗೆ ತಿಳಿಸಬೇಕು. ಸಣ್ಣ ರಂಧ್ರಗಳೂ ಔಷಧಿಯಿಂದಲೇ ಮುಚ್ಚಿಕೊಳ್ಳಬಲ್ಲವು. ಹುಣ್ಣು ಮಾಯ್ದ ಬಳಿಕ ನಾಳ ಕಿರಿದಾಗಿದ್ದರೆ ಅದನ್ನು ಬಲೂನಿನಿಂದ ಹಿಗ್ಗಿಸುವ ಉಪಾಯವುಂಟು.

ಅಪಾಯವಿರುವುದು ಔಷಧಿಯನ್ನು ನಡುವೆ ನಿಲ್ಲಿಸುವುದರಲ್ಲಿ. ಎರಡು ತಿಂಗಳಲ್ಲಿ ಊಟ ಸೇರತೊಡಗುತ್ತದೆ, ತೂಕ ಏರುತ್ತದೆ; ‘ಇನ್ನೇಕೆ ಮಾತ್ರೆ’ ಎಂದು ರೋಗಿ ಊರಿಗೆ ಹೊರಡುತ್ತಾನೆ. ಉಳಿದ ಬ್ಯಾಕ್ಟೀರಿಯಗಳು ಮತ್ತೆ ತಲೆಯೆತ್ತುತ್ತವೆ, ಔಷಧಿಗೆ ಜಗ್ಗದಂತಾಗಲೂಬಹುದು. ಸರ್ಕಾರದ ಕ್ಷಯ ನಿರ್ಮೂಲನ ಕಾರ್ಯಕ್ರಮದಲ್ಲಿ ಈ ಔಷಧಿಗಳು ಉಚಿತ. ಪೌಷ್ಟಿಕ ಆಹಾರಕ್ಕಾಗಿ 2018ರಿಂದ ತಿಂಗಳಿಗೆ 500 ರೂಪಾಯಿಯಂತೆ ಕೊಡುತ್ತಿದ್ದ ನೆರವನ್ನು 2024ರ ನವೆಂಬರಿನಿಂದ 1,000 ರೂಪಾಯಿಗೆ ಏರಿಸಲಾಗಿದೆ. ನಿಕ್ಷಯ್ ಎಂಬ ದಾಖಲೆ ವ್ಯವಸ್ಥೆಯ ಮೂಲಕ ಹೈದರಾಬಾದಿನಲ್ಲಿ ಆರಂಭಿಸಿದ ಚಿಕಿತ್ಸೆಯನ್ನು ಬೀದರಿಗೋ ರಾಯಚೂರಿಗೋ ವರ್ಗಾಯಿಸಿಕೊಳ್ಳಬಹುದು. ಹೊರಡುವ ಮೊದಲು ಚಿಕಿತ್ಸಾ ಕೇಂದ್ರದಲ್ಲಿ ಹೇಳಿದರೆ ಸಾಕು.

ಗಟ್ಟಿ ಆಹಾರ ಎದೆಯಲ್ಲಿ ಸಿಕ್ಕಿದಂತಾಗುವುದು, ನುಂಗುವಾಗ ನೋವು, ನೀರು ಕುಡಿದಾಗ ಕೆಮ್ಮು, ಕಾರಣವಿಲ್ಲದೆ ತೂಕ ಇಳಿಯುವುದು, ಸಂಜೆಯ ಜ್ವರ: ಇವುಗಳಲ್ಲಿ ಯಾವುದೇ ಒಂದು ಎರಡು ವಾರ ಉಳಿದರೂ ಪಿತ್ತವೆಂದೋ ವಾಯುವೆಂದೋ ಸೋಡಾ ಕುಡಿದು ಕಾಲಹರಣ ಮಾಡದಿರಿ. ತುತ್ತು ಪೂರ್ತಿ ನಿಂತು ಜೊಲ್ಲನ್ನೂ ನುಂಗಲಾಗದಿದ್ದರೆ, ರಕ್ತ ವಾಂತಿಯಾದರೆ ಅಂದೇ ಆಸ್ಪತ್ರೆಗೆ ಹೋಗಿ. ರೋಗ ಅಪರೂಪದ್ದಾದರೂ ಅದಕ್ಕೆ ಮದ್ದು ಸಮೀಪದಲ್ಲಿಯೇ ಇದೆ. ಬೇಕಾದುದು ಸಕಾಲದ ಪರೀಕ್ಷೆ ಮತ್ತು ಕೊನೆಯ ಮಾತ್ರೆಯವರೆಗಿನ ತಾಳ್ಮೆ.