ಸರದಿಯ ಪಟ್ಟಿ

ಕುಳಿತು ಆಡುವ ಆಟಗಳಿಗೆ ಸರದಿಯೇ ಜೀವಾಳ. ಚೌಕಾಬಾರದಲ್ಲಿ ಕವಡೆಗಳು ಕೈಯಿಂದ ಕೈಗೆ ಸಾಗುವುದನ್ನು ನೋಡಿದರೆ ಸಾಕು, ಮುಂದಿನವರು ಯಾರೆಂಬುದು ತಿಳಿಯುತ್ತದೆ. ಆದರೆ ಆಟಗಾರರು ಬೇರೆ ಬೇರೆ ಊರುಗಳಲ್ಲಿದ್ದು, ಅಂತರ್ಜಾಲದ ಮೂಲಕ ಒಂದೇ ಆಟದಲ್ಲಿ ತೊಡಗಿದಾಗ ಸರದಿಯನ್ನು ಕಾಯುವ ಬಗೆ ಹೇಗೆ?

ಆಟಗಾರರು ಕಥೆಯೊಂದರ ಪಾತ್ರಗಳನ್ನು ವಹಿಸಿ ಆಡುವ ಆಟಗಳುಂಟು. ಅವುಗಳಲ್ಲಿ ಪ್ರಸಿದ್ಧವಾದುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟವು 1974ರಲ್ಲಿ ಪ್ರಕಟವಾಯಿತು. ಇದರಲ್ಲಿ ನಿರ್ವಾಹಕನೊಬ್ಬನು ಕಥೆಯನ್ನು ನಡೆಸುತ್ತ, ಎದುರಾಳಿಗಳ ಪಾತ್ರವನ್ನೂ ತಾನೇ ವಹಿಸುತ್ತಾನೆ. ಕಾಳಗದ ಪ್ರಸಂಗ ಬಂದಾಗ ಸರದಿಯನ್ನು ನಿಶ್ಚಯಿಸುವುದು ಕುಳಿತ ಸ್ಥಾನವಲ್ಲ. ಇಪ್ಪತ್ತು ಮುಖಗಳ ದಾಳವನ್ನು ಉರುಳಿಸಿ, ಬಂದ ಅಂಕಿಗೆ ಪಾತ್ರದ ಚುರುಕುತನದ ಅಂಕವನ್ನು ಸೇರಿಸುತ್ತಾರೆ. ಇದಕ್ಕೆ ‘ಇನಿಷಿಯೇಟಿವ್’ ಎಂದು ಹೆಸರು. ಬಿಲ್ಲುಗಾರನಿಗೆ ದಾಳದಲ್ಲಿ 14 ಬಿದ್ದು 3 ಸೇರಿದರೆ ಮೊತ್ತ 17. ಕತ್ತಿ ಹಿಡಿದವನಿಗೆ 15 ಬಿದ್ದು 1 ಸೇರಿದರೆ 16. ದಾಳದಲ್ಲಿ ಹಿಂದುಳಿದರೂ ಬಿಲ್ಲುಗಾರನಿಗೇ ಮೊದಲ ಸರದಿ. 2014ರಲ್ಲಿ ಪ್ರಕಟವಾದ ನಿಯಮಗಳಂತೆ, ಈ ಕ್ರಮವು ಕಾಳಗದ ಪ್ರತಿಯೊಂದು ಸುತ್ತಿನಲ್ಲಿಯೂ ಹಾಗೆಯೇ ಮುಂದುವರಿಯುತ್ತದೆ.

ಮೇಜಿನ ಸುತ್ತ ಕುಳಿತಾಗ ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆ. ಹಿಂಜರಿಯುವವನನ್ನು ಪಕ್ಕದವನು ಎಚ್ಚರಿಸಬಲ್ಲನು. ದೂರದ ಆಟದಲ್ಲಿ ಈ ಅನುಕೂಲವಿಲ್ಲ. ಇಬ್ಬರು ಒಮ್ಮೆಲೇ ನುಡಿದರೆ ಮಾತು ಕಲಸಿಹೋಗುತ್ತದೆ. ದೊಡ್ಡ ದನಿಯವನು ಮುಂದಾಗುತ್ತಾನೆ. ಮೆಲುದನಿಯವನ ಸರದಿ ಯಾರ ಗಮನಕ್ಕೂ ಬಾರದೆ ಜಾರಿಹೋಗಬಹುದು. ಕ್ರಮವನ್ನು ಬರೆದ ಕಾಗದ ನಿರ್ವಾಹಕನ ಬಳಿ ಮಾತ್ರ ಇದ್ದರೆ, ಅವನ ಕಣ್ತಪ್ಪನ್ನು ತೋರಿಸಿಕೊಡುವವರೂ ಇರುವುದಿಲ್ಲ.

ಆದುದರಿಂದ ಪಟ್ಟಿಯನ್ನು ಎಲ್ಲರ ಕಣ್ಣೆದುರಿಗೆ ಇಡುವುದೇ ಮೊದಲ ಸುಧಾರಣೆ. ‘ರೋಲ್ 20’, ‘ಫೌಂಡ್ರಿ’ ಮೊದಲಾದ ತಂತ್ರಾಂಶಗಳಲ್ಲಿ ಇದಕ್ಕೆ ವ್ಯವಸ್ಥೆಯುಂಟು. ಎರಡನೆಯದಾಗಿ, ಈಗ ಯಾರ ಸರದಿ ಎಂಬುದರೊಡನೆ ಮುಂದೆ ಯಾರದು ಎಂಬುದನ್ನೂ ಸಾರಬೇಕು. ಆಗ ಮುಂದಿನವನು ತನ್ನ ನಡೆಯನ್ನು ಯೋಚಿಸಿಕೊಂಡು ಸಿದ್ಧನಾಗಿರುತ್ತಾನೆ. ಉಳಿದವರ ಕಾಲವೂ ಉಳಿಯುತ್ತದೆ. ಮೂರನೆಯದಾಗಿ, ಸುತ್ತುಗಳ ಲೆಕ್ಕವನ್ನು ಪಟ್ಟಿಯಲ್ಲಿಯೇ ಬರೆಯಬೇಕು. ಒಂದು ಸುತ್ತೆಂದರೆ ಕಥೆಯೊಳಗಿನ ಸುಮಾರು 6 ಸೆಕೆಂಡು. ಹಾಗಾದರೆ ಒಂದು ನಿಮಿಷದ ಮಂತ್ರಪ್ರಭಾವವು 10 ಸುತ್ತುಗಳಿಗೆ ತೀರಬೇಕು. ಲೆಕ್ಕವಿಲ್ಲದಿದ್ದರೆ ಉಳಿಯುವುದು ವಾಗ್ವಾದ ಮಾತ್ರ.

ಕೆಲವು ಆಟಗಳು ಬರವಣಿಗೆಯ ಮೂಲಕ ದಿನಗಟ್ಟಲೆ ನಡೆಯುತ್ತವೆ. ಅಲ್ಲಿ ಒಬ್ಬನು ಬರೆಯದಿದ್ದರೆ ಎಲ್ಲರೂ ಕಾಯಬೇಕಾಗುತ್ತದೆ. ಅದಕ್ಕಾಗಿ ಆಟಗಾರರೆಲ್ಲರಿಗೂ ಸೇರಿ ಒಂದೇ ಸರದಿಯನ್ನು ಕೊಟ್ಟು, ಬಿಡುವಾದವರು ಮೊದಲು ಬರೆಯಲೆಂದು ಬಿಡುವುದುಂಟು. ಎಲ್ಲರೂ ಬರೆದ ಮೇಲೆ, ಇಲ್ಲವೆ ಗೊತ್ತುಪಡಿಸಿದ ಅವಧಿ ಮುಗಿದ ಮೇಲೆ, ಎದುರಾಳಿಗಳ ಸರದಿ ಬರುತ್ತದೆ.

ಸರದಿಯ ಪಟ್ಟಿಯು ಬರಿಯ ಹೆಸರುಗಳ ಸಾಲಲ್ಲ. ಮಾತಾಡದವನಿಗೂ ಅವನ ಪಾಲನ್ನು ತಪ್ಪದೆ ಸಲ್ಲಿಸುವ ಒಪ್ಪಂದ ಅದು. ಯಾರು ಮೊದಲು ಎಂಬುದನ್ನು ದಾಳವೂ ಪಾತ್ರದ ಚುರುಕುತನವೂ ನಿಶ್ಚಯಿಸಲಿ. ದನಿಯ ಜೋರು ನಿಶ್ಚಯಿಸಕೂಡದು.